ಮನೆಯ ಸ್ಟೋರೇಜ್ ಸರ್ವರ್‌ಗೆ ಹೆಚ್ಚು ಹಾರ್ಡ್ ಡಿಸ್ಕ್ ಜೋಡಿಸಲು ಯಾವ ಕಾರ್ಡ್, ಯಾವ ಕೇಬಲ್, ಎಷ್ಟು ಪವರ್: ಒಂದು ಸಮಗ್ರ ಮಾರ್ಗದರ್ಶಿ

ಈಗಿನ ಮದರ್‌ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಡಿಸ್ಕ್ ಜೋಡಿಸುವ ನಾಲ್ಕು ಸಾಟಾ ಪೋರ್ಟ್ ಇರುತ್ತವೆ, ಕೆಲವದರಲ್ಲಿ ಆರು, ಅಪರೂಪಕ್ಕೆ ಎಂಟು. ಅದಕ್ಕಿಂತ ಒಂದು ಡಿಸ್ಕ್ ಹೆಚ್ಚಾದರೂ ಬೇರೆ ದಾರಿ ಹುಡುಕಬೇಕು. ದಾರಿಗಳೇನೋ ಬೇಕಾದಷ್ಟಿವೆ: ಪುಟ್ಟ ಸಾಟಾ ಕಾರ್ಡ್, ಎಂ.2 ಸ್ಲಾಟ್‌ನಲ್ಲಿ ಕೂರುವ ಅಡಾಪ್ಟರ್, ಹಳೆಯ ಸರ್ವರ್‌ಗಳಿಂದ ಬಿಚ್ಚಿದ ಸ್ಯಾಸ್ (ಸರ್ವರ್ ಡಿಸ್ಕ್‌ಗಳ ಸಂಪರ್ಕ ವಿಧಾನ) ಕಾರ್ಡ್, ಯುಎಸ್‌ಬಿ ಪೆಟ್ಟಿಗೆ, ಒಂದೇ ಕಾರ್ಡ್‌ನಲ್ಲಿ ಇಪ್ಪತ್ತು ಪೋರ್ಟ್ ಎಂದು ಮಾರುವ ವಸ್ತುಗಳು. ಯಾವುದನ್ನು ಹಾಕಿದರೂ ಮೊದಲ ದಿನ ಡಿಸ್ಕ್ ಕಾಣಿಸುತ್ತದೆ, ಫೈಲ್ ಕಾಪಿ ಆಗುತ್ತದೆ, ಸಿನಿಮಾ ಓಡುತ್ತದೆ.

ಇವುಗಳ ನಡುವಿನ ವ್ಯತ್ಯಾಸ ಗೊತ್ತಾಗುವುದು ಒಂದು ಡಿಸ್ಕ್ ಕೆಟ್ಟ ದಿನ. ಹೊಸ ಡಿಸ್ಕ್ ಹಾಕುತ್ತೀರಿ, ಕಳೆದ ಡೇಟಾವನ್ನು ಅದರ ಮೇಲೆ ಮತ್ತೆ ಕಟ್ಟಲು (ಇದೇ ರೀಬಿಲ್ಡ್) ಉಳಿದ ಅಷ್ಟೂ ಡಿಸ್ಕ್‌ಗಳು ಒಟ್ಟಿಗೆ, ಪೂರ್ತಿ ವೇಗದಲ್ಲಿ, ಗಂಟೆಗಟ್ಟಲೆ ಓದಲು ಶುರುಮಾಡುತ್ತವೆ. ಎಲ್ಲವೂ ಒಮ್ಮೆಗೇ ಬಿಸಿಯಾಗುತ್ತವೆ, ಎಲ್ಲ ಕೇಬಲ್‌ಗಳಲ್ಲೂ ಡೇಟಾ ಹರಿಯುತ್ತದೆ, ಕಾರ್ಡ್ ತನ್ನ ಮಿತಿಯಲ್ಲಿ ದುಡಿಯುತ್ತದೆ. ಸಡಿಲವಾದ ಕನೆಕ್ಟರ್, ಗಾಳಿಯಾಡದ ಚಿಪ್, ಸಾಕಾಗದ ಡೇಟಾ ದಾರಿ ಯಾವುದಿದ್ದರೂ ಆಗಲೇ ಬಾಯಿ ಬಿಡುತ್ತದೆ. ಹಾಗಾಗಿ ಈ ಬರಹದಲ್ಲಿ ಪ್ರತಿ ಆಯ್ಕೆಯನ್ನೂ ನಾನು ತೂಗುವುದು ಆ ದಿನದ ಲೆಕ್ಕದಲ್ಲಿ. ದಿನನಿತ್ಯದ ಬಳಕೆಗೆ ಯಾವುದಾದರೂ ಸಾಕು.

ಮೊದಲ ಹೆಜ್ಜೆ: ನಿಜಕ್ಕೂ ಎಷ್ಟು ಡಿಸ್ಕ್ ಬೇಕು?

ಕಾರ್ಡ್ ಹುಡುಕುವ ಮೊದಲು ಇದನ್ನು ಕೇಳಿಕೊಳ್ಳಿ. ಹತ್ತು 4 ಟಿಬಿ ಡಿಸ್ಕ್‌ಗಳ ಬದಲು ನಾಲ್ಕು 16 ಟಿಬಿ ಡಿಸ್ಕ್ ಇಟ್ಟರೆ ಮದರ್‌ಬೋರ್ಡ್‌ನ ಪೋರ್ಟ್‌ಗಳೇ ಸಾಕಾಗಿ, ಈ ಬರಹದ ಮುಕ್ಕಾಲು ಭಾಗ ನಿಮಗೆ ಬೇಡವಾಗಬಹುದು. ತಿರುಗುತ್ತಾ ಸುಮ್ಮನೆ ಕೂತ 3.5 ಇಂಚಿನ ಡಿಸ್ಕ್ ಒಂದೊಂದೂ ಸುಮಾರು 5 ವ್ಯಾಟ್ ತಿನ್ನುತ್ತದೆ. ಆರು ಡಿಸ್ಕ್ ಕಡಿಮೆಯಾದರೆ 30 ವ್ಯಾಟ್ ಉಳಿತಾಯ, ಸರ್ವರ್ ಹಗಲೂರಾತ್ರಿ ಓಡುವುದರಿಂದ ವರ್ಷಕ್ಕೆ 260 ಯೂನಿಟ್‌ಗೂ ಹೆಚ್ಚು. ಕೈಯಲ್ಲಿ ಈಗಾಗಲೇ ಹಳೆಯ ಡಿಸ್ಕ್‌ಗಳಿವೆ, ಅವನ್ನೇ ಬಳಸಬೇಕು ಎಂದಾದರೆ ಅದು ಬೇರೆ ಮಾತು.

ಎಷ್ಟು ಎಂದು ನಿರ್ಧರಿಸಿದ ಮೇಲೆ ಆ ಸಂಖ್ಯೆಗೆ ಎರಡು ಸೇರಿಸಿ. ಒಂದು ಖಾಲಿ ಪೋರ್ಟ್ ಯಾವಾಗಲೂ ಇರಲೇಬೇಕು. ಸಾಯುತ್ತಿರುವ ಡಿಸ್ಕ್ ಇನ್ನೂ ಅಷ್ಟಿಷ್ಟು ಓದುತ್ತಿರುವಾಗಲೇ ಹೊಸದನ್ನು ಪಕ್ಕದಲ್ಲಿ ಜೋಡಿಸಿ ಬದಲಾಯಿಸುವುದು, ಹಳೆಯದನ್ನು ಕಿತ್ತು ಅದರ ಜಾಗಕ್ಕೆ ಹೊಸದು ಹಾಕುವುದಕ್ಕಿಂತ ಎಷ್ಟೋ ಸುರಕ್ಷಿತ. ಇನ್ನೊಂದು, ಮುಂದೆ ಬರುವ ಎಸ್‌ಎಸ್‌ಡಿಗೆ.

ಎರಡನೆಯ ಹೆಜ್ಜೆ: ವೇಗದ ಲೆಕ್ಕ

ಇದು ಗುಣಾಕಾರ, ಭಾಗಾಕಾರಕ್ಕಿಂತ ಹೆಚ್ಚಿನದೇನಲ್ಲ. ಆದರೆ ಇದನ್ನು ಮಾಡದೆ ಕಾರ್ಡ್ ಕೊಳ್ಳುವವರೇ ಹೆಚ್ಚು.

7200 ಆರ್‌ಪಿಎಂನ ಈಗಿನ ದೊಡ್ಡ ಡಿಸ್ಕ್ ತಟ್ಟೆಯ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 250 ಎಂಬಿ ಓದುತ್ತದೆ, ಒಳಕ್ಕೆ ಹೋದಂತೆ ಅದರ ಅರ್ಧಕ್ಕೆ ಇಳಿಯುತ್ತದೆ. ಸಾಟಾ ಮೂರನೆಯ ತಲೆಮಾರಿನ ಪೋರ್ಟ್ 6 ಗಿಗಾಬಿಟ್, ಅಂದರೆ ಹೆಚ್ಚೆಂದರೆ 600 ಎಂಬಿ. ಹೀಗಾಗಿ ಒಂದು ಡಿಸ್ಕ್‌ಗೆ ಒಂದು ಪೋರ್ಟ್ ಇದ್ದರೆ ಅಲ್ಲಿ ಅಡ್ಡಿಯಿಲ್ಲ. ಅಡ್ಡಿ ಇರುವುದು ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವೆ. ಎಂಟು ಕಾಲುವೆಗಳ ನೀರು ಒಂದೇ ತೂಬಿನಲ್ಲಿ ಹೋಗಬೇಕಾದರೆ ತೂಬಿನ ಅಗಲವೇ ಮುಖ್ಯವಾಗುತ್ತದೆ. ಆ ತೂಬೇ ಪಿಸಿಐಇ ಲೇನ್, ಅಂದರೆ ಕಾರ್ಡ್ ಕೂರುವ ಸ್ಲಾಟ್‌ನ ಡೇಟಾ ದಾರಿ.

ಪಿಸಿಐಇ 2.0ರಲ್ಲಿ ಒಂದು ಲೇನ್‌ಗೆ 500 ಎಂಬಿ. 3.0ರಲ್ಲಿ ಸುಮಾರು 985. 4.0ರಲ್ಲಿ ಅದರ ಎರಡರಷ್ಟು. ಇವು ಕಾಗದದ ಮೇಲಿನ ಅಂಕಿಗಳು. ನಿಜದಲ್ಲಿ ಕೈಗೆ ಸಿಗುವುದು ಇದರ ಶೇಕಡಾ 80ರಿಂದ 90 ಎಂದು ಹಿಡಿಯಿರಿ. ಇನ್ನೊಂದು ವಿಷಯ ಮರೆಯಬಾರದು: ಕಾರ್ಡ್ 2.0, ಸ್ಲಾಟ್ 4.0 ಆದರೆ ಸಂಪರ್ಕ ನಡೆಯುವುದು 2.0ರಲ್ಲೇ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕ.

ಈಗ ಒಂದು ಉದಾಹರಣೆ. ಮಾರ್ವೆಲ್ 88ಎಸ್‌ಇ9215 ಚಿಪ್ ಇರುವ ನಾಲ್ಕು ಪೋರ್ಟ್‌ನ ಕಾರ್ಡ್ ಪಿಸಿಐಇ 2.0ರ ಒಂದೇ ಲೇನ್ ಬಳಸುತ್ತದೆ. ಕೈಗೆ ಸಿಗುವ 400 ಎಂಬಿಯನ್ನು ನಾಲ್ಕು ಡಿಸ್ಕ್ ಹಂಚಿಕೊಂಡರೆ ಒಂದಕ್ಕೆ 100. ಒಂದು 16 ಟಿಬಿ ಡಿಸ್ಕ್ ಅಂದರೆ 1.6 ಕೋಟಿ ಎಂಬಿ. ಅಡ್ಡಿಯಿಲ್ಲದೆ ಓದಿದರೆ, ಒಳ ಹೊರ ಅಂಚುಗಳ ಸರಾಸರಿ 190 ಎಂಬಿ ಎಂದುಕೊಂಡರೆ, ಮುಗಿಯಲು 23 ಗಂಟೆ ಸಾಕು. 100 ಎಂಬಿಯಲ್ಲಿ ಅದೇ ಕೆಲಸಕ್ಕೆ 44 ಗಂಟೆ. ರೇಡ್ 5ರಂತೆ ಒಂದೇ ಡಿಸ್ಕ್‌ನ ನಷ್ಟ ತಾಳಬಲ್ಲ ಜೋಡಣೆಯಲ್ಲಿ, ಆ ಹೆಚ್ಚುವರಿ 21 ಗಂಟೆಗಳಲ್ಲಿ ಇನ್ನೊಂದು ಡಿಸ್ಕ್ ಕೈಕೊಟ್ಟರೆ ಎಲ್ಲವೂ ಹೋಯಿತು.

‘ನನ್ನ ನೆಟ್‌ವರ್ಕ್ ಬರೀ 1 ಗಿಗಾಬಿಟ್, ಅದರಲ್ಲಿ ಹೋಗುವುದೇ 115 ಎಂಬಿ, ಇಷ್ಟು ವೇಗ ಯಾಕೆ?’ ಎಂದು ಕೇಳುವವರಿಗೆ ಉತ್ತರವೂ ಇದೇ. ರೀಬಿಲ್ಡ್ ಆಗುವಾಗ ಡೇಟಾ ನೆಟ್‌ವರ್ಕ್‌ಗೆ ಬರುವುದೇ ಇಲ್ಲ, ಪೆಟ್ಟಿಗೆಯೊಳಗೇ ಓಡಾಡುತ್ತದೆ. ನಿಯಮಿತವಾಗಿ ಮಾಡುವ ಸ್ಕ್ರಬ್, ಪ್ಯಾರಿಟಿ ಚೆಕ್ (ಡೇಟಾ ಸರಿಯಿದೆಯೇ ಎಂದು ಡಿಸ್ಕ್‌ಗಳನ್ನು ಓದಿ ನೋಡುವುದು) ಕೂಡ ಹಾಗೆಯೇ.

ನನ್ನ ಅಳತೆ ಸರಳ: ಎಲ್ಲ ಡಿಸ್ಕ್‌ಗಳೂ ಒಟ್ಟಿಗೆ ಓದಿದಾಗ ಒಂದೊಂದಕ್ಕೂ ಕನಿಷ್ಠ 200 ಎಂಬಿ ಸಿಗಬೇಕು. 150 ಆದರೂ ನಡೆಯುತ್ತದೆ. 100ಕ್ಕಿಂತ ಕೆಳಗಿಳಿದರೆ ಆ ಕಾರ್ಡ್ ಬೇಡ.

ಮೂರನೆಯ ಹೆಜ್ಜೆ: ನಿಮ್ಮ ಸ್ಲಾಟ್‌ಗಳನ್ನು ಓದಿ

ಸ್ಲಾಟ್‌ನ ಉದ್ದ ನೋಡಿ ನಂಬಬೇಡಿ. ಹದಿನಾರು ಲೇನ್‌ನಷ್ಟು ಉದ್ದವಿರುವ ಎರಡನೆಯ ಸ್ಲಾಟ್‌ನಲ್ಲಿ ನಿಜವಾಗಿ ತಂತಿ ಹೋಗಿರುವುದು ನಾಲ್ಕು ಲೇನ್‌ಗೆ ಮಾತ್ರ ಎಂಬುದು ತೀರಾ ಸಾಮಾನ್ಯ. ಮದರ್‌ಬೋರ್ಡ್‌ನ ಮ್ಯಾನ್ಯುಯಲ್ ತೆರೆದು ಪ್ರತಿ ಸ್ಲಾಟ್‌ಗೂ ಎಷ್ಟು ಲೇನ್, ಯಾವ ತಲೆಮಾರು, ಅದು ಪ್ರೊಸೆಸರ್‌ಗೆ ನೇರವಾಗಿ ಸೇರಿದೆಯೋ ಚಿಪ್‌ಸೆಟ್ (ಪೋರ್ಟ್‌ಗಳನ್ನು ನಿಭಾಯಿಸುವ ಮದರ್‌ಬೋರ್ಡ್‌ನ ಚಿಪ್) ಮೂಲಕವೋ ಎಂದು ಬರೆದುಕೊಳ್ಳಿ. ಅದೇ ಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಮಾತಿರುತ್ತದೆ: ಇಂಥ ಎಂ.2 ಸ್ಲಾಟ್ ಬಳಸಿದರೆ ಇಂಥ ಸಾಟಾ ಪೋರ್ಟ್‌ಗಳು ಕೆಲಸ ಮಾಡುವುದಿಲ್ಲ. ಅದನ್ನು ಓದದೆ ಇದ್ದರೆ, ಎಸ್‌ಎಸ್‌ಡಿ ಹಾಕಿದ ದಿನ ಎರಡು ಡಿಸ್ಕ್ ಕಾಣೆಯಾಗುತ್ತವೆ.

ಚಿಪ್‌ಸೆಟ್ ಮೂಲಕ ಹೋಗುವ ಸ್ಲಾಟ್ ಅಂದರೆ ಹೆದರಬೇಕಿಲ್ಲ. ಚಿಪ್‌ಸೆಟ್‌ನಿಂದ ಪ್ರೊಸೆಸರ್‌ಗೆ ಹೋಗುವ ಇಂಟೆಲ್‌ನ ದಾರಿ ಡಿಎಂಐ 3.0 ನಾಲ್ಕು ಲೇನ್‌ನಲ್ಲಿ ಸೆಕೆಂಡಿಗೆ ಸುಮಾರು 3.9 ಜಿಬಿ ಸಾಗಿಸುತ್ತದೆ. ನೆಟ್‌ವರ್ಕ್, ಯುಎಸ್‌ಬಿ, ಎಂ.2 ಎಲ್ಲವೂ ಅದನ್ನೇ ಹಂಚಿಕೊಂಡರೂ ಹನ್ನೆರಡು ಡಿಸ್ಕ್‌ಗೆ ಧಾರಾಳ. ಎಂಟು ಲೇನ್‌ನ ಕಾರ್ಡನ್ನು ನಾಲ್ಕು ಲೇನ್‌ನ ಸ್ಲಾಟ್‌ನಲ್ಲಿ ಹಾಕಿದರೂ ಅದು ನಾಲ್ಕು ಲೇನ್‌ನಲ್ಲಿ ಓಡುತ್ತದೆ. ಭೌತಿಕವಾಗಿ ಕೂರಲು ಜಾಗವಿದ್ದರಾಯಿತು.

ನಾಲ್ಕನೆಯ ಹೆಜ್ಜೆ: ದಾರಿ ಆರಿಸಿಕೊಳ್ಳಿ

ಮೊದಲು ಬೇಡದ್ದನ್ನು ಬದಿಗಿಡೋಣ.

ಪೋರ್ಟ್ ಮಲ್ಟಿಪ್ಲೈಯರ್ ಬೇಡ. ಒಂದು ಸಾಟಾ ಪೋರ್ಟನ್ನು ಐದಾಗಿ ಒಡೆಯುವ ಪುಟ್ಟ ಹಲಗೆ ಅದು. ಐದೂ ಡಿಸ್ಕ್ ಒಂದೇ ಪೋರ್ಟ್‌ನ ವೇಗ ಹಂಚಿಕೊಳ್ಳುತ್ತವೆ ಎಂಬುದು ಚಿಕ್ಕ ತೊಂದರೆ. ಒಂದು ಡಿಸ್ಕ್ ಉತ್ತರ ಕೊಡದೆ ನಿಂತಾಗ ಕಂಟ್ರೋಲರ್ ಆ ಪೋರ್ಟನ್ನೇ ರೀಸೆಟ್ ಮಾಡಿ, ಅದರ ಹಿಂದಿರುವ ಚೆನ್ನಾಗಿರುವ ನಾಲ್ಕೂ ಡಿಸ್ಕ್‌ಗಳನ್ನು ಜೊತೆಗೇ ಎಳೆದು ಬೀಳಿಸಬಹುದು ಎಂಬುದೇ ದೊಡ್ಡ ತೊಂದರೆ. ಒಂದೇ ಲೇನ್‌ನ ಸ್ಲಾಟ್‌ಗೆ ಹತ್ತು, ಹದಿನಾರು, ಇಪ್ಪತ್ತು ಪೋರ್ಟ್ ಕೊಡುವ ಅಗ್ಗದ ಕಾರ್ಡ್‌ಗಳಲ್ಲಿ ಹೆಚ್ಚಿನವು ಒಳಗೆ ಇದನ್ನೇ ಮಾಡಿರುತ್ತವೆ. ಕಾರ್ಡ್‌ನ ಚಿತ್ರ ದೊಡ್ಡದು ಮಾಡಿ ನೋಡಿ: ಒಂದು ಮುಖ್ಯ ಚಿಪ್, ಪೋರ್ಟ್‌ಗಳ ಸಾಲಿನ ಹತ್ತಿರ ಜೆಎಂಬಿ575ರಂಥ ಹಲವು ಸಣ್ಣ ಚಿಪ್ ಕಂಡರೆ ಅದು ಮಲ್ಟಿಪ್ಲೈಯರ್ ಕಾರ್ಡೇ.

ಯುಎಸ್‌ಬಿ ಪೆಟ್ಟಿಗೆ ಬ್ಯಾಕಪ್‌ಗೆ ಒಳ್ಳೆಯದು, ಡಿಸ್ಕ್‌ಗಳ ಗುಂಪಿಗೆ ಒಳ್ಳೆಯದಲ್ಲ. ನಡುವೆ ಕೂತ ಬ್ರಿಡ್ಜ್ ಚಿಪ್ ಕೆಲವೊಮ್ಮೆ ಡಿಸ್ಕ್‌ನ ಸೀರಿಯಲ್ ನಂಬರ್ ಮರೆಮಾಡುತ್ತದೆ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ಮಾಹಿತಿ ದಾಟಿಸುವುದಿಲ್ಲ, ಭಾರ ಹೆಚ್ಚಾದಾಗ ರೀಸೆಟ್ ಆಗಿ ಪೆಟ್ಟಿಗೆಯ ಎಲ್ಲ ಡಿಸ್ಕ್‌ಗಳನ್ನೂ ಒಮ್ಮೆಗೇ ಕಳಚುತ್ತದೆ.

ಇನ್ನು ರೇಡ್ ಕಾರ್ಡ್, ಅಂದರೆ ಡಿಸ್ಕ್‌ಗಳನ್ನು ತಾನೇ ಒಟ್ಟುಗೂಡಿಸುವ ಕಾರ್ಡ್. ಬೆಲೆ ಹೆಚ್ಚಾದ್ದರಿಂದ ಇದೇ ಉತ್ತಮ ಎಂದುಕೊಳ್ಳುವುದು ಸಹಜ. ಆದರೆ ಟ್ರೂನ್ಯಾಸ್, ಅನ್‌ರೇಡ್, ಓಪನ್‌ಮೀಡಿಯಾವಾಲ್ಟ್ ಎಂಬ ಸ್ಟೋರೇಜ್ ಸಿಸ್ಟಂಗಳಲ್ಲಿ ಯಾವುದನ್ನು ಬಳಸಿದರೂ ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ಕೆಲಸ ಸಾಫ್ಟ್‌ವೇರ್‌ನದು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾಗಿ ಹೊರಬಂದ ಜಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಪ್ರತಿ ಬ್ಲಾಕ್‌ಗೂ ಚೆಕ್‌ಸಮ್ (ಡೇಟಾ ಬದಲಾಗಿದೆಯೇ ಎಂದು ತಿಳಿಸುವ ಅಂಕಿ) ಇಟ್ಟು, ಯಾವ ಡಿಸ್ಕ್ ತಪ್ಪು ಕೊಟ್ಟಿತು ಎಂದು ತಾನೇ ಪತ್ತೆಹಚ್ಚುತ್ತದೆ. ಅದಕ್ಕೆ ಡಿಸ್ಕ್ ನೇರವಾಗಿ ಕಾಣಬೇಕು. ನಡುವೆ ರೇಡ್ ಕಾರ್ಡ್ ಕೂತು, ತನ್ನ ಕ್ಯಾಶ್‌ಗೆ ತೆಗೆದುಕೊಂಡದ್ದನ್ನೇ ಡಿಸ್ಕ್‌ಗೆ ಬರೆದಾಯಿತು ಎಂದು ಹೇಳಿದರೆ ಆ ವ್ಯವಸ್ಥೆಯ ಬುಡವೇ ಅಲುಗುತ್ತದೆ. ಕಾರ್ಡ್ ಸುಟ್ಟರೆ ಅದೇ ಕುಟುಂಬದ ಇನ್ನೊಂದು ಕಾರ್ಡ್ ಹುಡುಕಬೇಕಾದ ಪಾಡು ಬೇರೆ.

ಉಳಿದದ್ದು ಎರಡು ಒಳ್ಳೆಯ ದಾರಿ. ನಾಲ್ಕರಿಂದ ಆರು ಪೋರ್ಟ್ ಮಾತ್ರ ಹೆಚ್ಚಿಗೆ ಬೇಕಿದ್ದರೆ ಸಾದಾ ಸಾಟಾ ಕಾರ್ಡ್. ಎಂಟು ಅಥವಾ ಅದಕ್ಕಿಂತ ಹೆಚ್ಚು ಬೇಕಿದ್ದರೆ ಎಚ್‌ಬಿಎ ಎಂದು ಕರೆಯುವ ಸ್ಯಾಸ್ ಕಾರ್ಡ್.

ಸಾಟಾ ಕಾರ್ಡ್‌ನಲ್ಲಿ ನೋಡಬೇಕಾದದ್ದು ಪೆಟ್ಟಿಗೆಯ ಮೇಲಿನ ಹೆಸರನ್ನಲ್ಲ, ಚಿಪ್‌ನ ಹೆಸರನ್ನು. ಏಸ್‌ಮೀಡಿಯಾದ ಎಎಸ್‌ಎಂ1166 ಪಿಸಿಐಇ 3.0ರ ಎರಡು ಲೇನ್‌ನಲ್ಲಿ ಆರು ಪೋರ್ಟ್ ಕೊಡುತ್ತದೆ. ಡಿಸ್ಕ್‌ಗೆ 280 ಎಂಬಿ ಆಸುಪಾಸು ಬರುತ್ತದೆ. ಜೆಮೈಕ್ರಾನ್‌ನ ಜೆಎಂಬಿ585 ಅದೇ ಎರಡು ಲೇನ್‌ನಲ್ಲಿ ಐದು ಪೋರ್ಟ್. ಎಎಸ್‌ಎಂ1064 ಒಂದು ಲೇನ್‌ನಲ್ಲಿ ನಾಲ್ಕು ಪೋರ್ಟ್, ಡಿಸ್ಕ್‌ಗೆ ಸುಮಾರು 210. ಮೂರೂ ನನ್ನ ಅಳತೆಯಲ್ಲಿ ಪಾಸು, ಎರಡು ಲೇನ್‌ನ ಚಿಪ್‌ಗೆ ನಿಜಕ್ಕೂ ಎರಡು ಲೇನ್ ಕೊಟ್ಟರೆ. ಜೆಎಂಬಿ585 ಇರುವ ಕಾರ್ಡನ್ನು ಒಂದೇ ಲೇನ್‌ನ ಸ್ಲಾಟ್‌ಗೆ ಹಾಕಿದಿರೋ, ಐದು ಡಿಸ್ಕ್‌ಗೂ ತಲಾ 170 ಎಂಬಿ ಮಾತ್ರ.

ಸರ್ವರ್ ಬಹಳ ಹೊತ್ತು ಸುಮ್ಮನೆ ಕೂರುವಂಥದ್ದು, ಕರೆಂಟ್ ಉಳಿಸಬೇಕು ಎಂಬುವವರು ಎಎಸ್‌ಎಂ1166 ಕಡೆಗೇ ಒಲಿಯಬೇಕು. ಅದು ಎಎಸ್‌ಪಿಎಂ (ಕೆಲಸವಿಲ್ಲದಾಗ ಪಿಸಿಐಇ ಸಂಪರ್ಕವನ್ನು ಮಲಗಿಸಿ ಕರೆಂಟ್ ಉಳಿಸುವ ವಿಧಾನ) ಒಪ್ಪಿಕೊಳ್ಳುವುದರಿಂದ ಪ್ರೊಸೆಸರ್ ಆಳವಾದ ನಿದ್ದೆಗೆ ಜಾರಬಲ್ಲದು. ಸ್ಯಾಸ್ ಕಾರ್ಡ್‌ಗಳು ಹೆಚ್ಚಿನವು ಆ ನಿದ್ದೆಗೆ ಅಡ್ಡ ಬರುತ್ತವೆ, ಜೊತೆಗೆ ತಾವೇ ಹತ್ತು ವ್ಯಾಟ್ ಆಸುಪಾಸು ತಿನ್ನುತ್ತವೆ. ಬರೀ ಆ ಹತ್ತು ವ್ಯಾಟೇ ವರ್ಷಕ್ಕೆ ಸುಮಾರು 88 ಯೂನಿಟ್.

ಎಂ.2 ಸ್ಲಾಟ್‌ಗೆ ಕೂರುವ ಎಎಸ್‌ಎಂ1166 ಅಡಾಪ್ಟರ್‌ಗಳೂ ಇವೆ, ಸ್ಲಾಟ್ ಕಡಿಮೆ ಇರುವ ಪುಟ್ಟ ಮದರ್‌ಬೋರ್ಡ್‌ಗೆ ಅನುಕೂಲ. ಆದರೆ ಆ ತೆಳು ಹಲಗೆಯನ್ನು ಹಿಡಿದಿರುವುದು ತುದಿಯ ಒಂದೇ ಸ್ಕ್ರೂ. ಆರು ಕೇಬಲ್‌ಗಳು ಒಂದೇ ಕಡೆಗೆ ಎಳೆದರೆ ಅದು ಬಿಲ್ಲಿನಂತೆ ಬಾಗುತ್ತದೆ. ಕೇಬಲ್‌ಗಳನ್ನು ಸಡಿಲವಾಗಿ ಬಿಟ್ಟು, ಕೇಸ್‌ಗೆ ಕಟ್ಟಿ, ಭಾರ ಹಲಗೆಯ ಮೇಲೆ ಬೀಳದಂತೆ ಮಾಡಿ. ಜೊತೆಗೆ ಆ ಎಂ.2 ಸ್ಲಾಟ್ ಪಿಸಿಐಇ ಆಗಿರಬೇಕು. ಬರೀ ಸಾಟಾ ಎಸ್‌ಎಸ್‌ಡಿಗೆಂದು ಕೊಟ್ಟ ಎಂ.2ನಲ್ಲಿ ಇದು ಕೆಲಸ ಮಾಡದು.

ಐದನೆಯ ಹೆಜ್ಜೆ: ಎಚ್‌ಬಿಎ ಕೊಳ್ಳುವಾಗ

ಎಂಟು ಡಿಸ್ಕ್ ದಾಟಿದ ಮೇಲೆ ನನ್ನ ಆಯ್ಕೆ ಇದೇ. ಇವು ವರ್ಷಾನುಗಟ್ಟಲೆ ನಿಲ್ಲದೆ ಓಡಲೆಂದೇ ಮಾಡಿದ ಕಾರ್ಡ್‌ಗಳು. ಸಾಟಾ ಡಿಸ್ಕ್‌ಗಳು ಇವಕ್ಕೆ ನೇರವಾಗಿ ಕೂರುತ್ತವೆ. ಸ್ಯಾಸ್ ಡಿಸ್ಕ್ ಮಾತ್ರ ಮದರ್‌ಬೋರ್ಡ್‌ನ ಸಾಟಾ ಪೋರ್ಟ್‌ಗೆ ಕೂರುವುದಿಲ್ಲ, ಈ ದಾರಿ ಒಮ್ಮುಖ. ಲಿನಕ್ಸ್ ಕರ್ನೆಲ್‌ನಲ್ಲೇ ಡ್ರೈವರ್ ಇರುವುದರಿಂದ ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಹೆಸರುಗಳ ಗೊಂದಲ ಮೊದಲು ಬಿಡಿಸಿಕೊಳ್ಳೋಣ. ಈ ಕಾರ್ಡ್‌ಗಳನ್ನು ಮಾಡುತ್ತಿದ್ದದ್ದು ಎಲ್‌ಎಸ್‌ಐ. 2014ರಲ್ಲಿ ಅದನ್ನು ಅವಾಗೋ ಕೊಂಡಿತು. 2016ರಲ್ಲಿ ಅವಾಗೋ ಬ್ರಾಡ್‌ಕಾಮ್ ಕಂಪನಿಯನ್ನೂ ಕೊಂಡು ಆ ಹೆಸರನ್ನೇ ತನ್ನದಾಗಿಸಿಕೊಂಡಿತು. ಹಾಗಾಗಿ ಒಂದೇ ಕಾರ್ಡ್‌ನ ಮೇಲೆ ಮೂರು ಹೆಸರುಗಳಲ್ಲಿ ಯಾವುದಾದರೂ ಇರಬಹುದು. ಡೆಲ್ ಎಚ್200, ಎಚ್310, ಐಬಿಎಂ ಎಂ1015 ಇವೂ ಎಲ್‌ಎಸ್‌ಐ ಚಿಪ್‌ನ ಕಾರ್ಡ್‌ಗಳೇ, ಬೇರೆ ಹೆಸರಿನಲ್ಲಿ.

ಚಿಪ್ ಪ್ರಕಾರ ನೋಡಿದರೆ ಚಿತ್ರ ಸ್ಪಷ್ಟ. ಸ್ಯಾಸ್1068ಇ ತೀರಾ ಹಳೆಯದು, 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ನೋಡಲಾರದು. ಪುಕ್ಕಟೆ ಕೊಟ್ಟರೂ ಬೇಡ. ಸ್ಯಾಸ್2008 ಚಿಪ್‌ನ 9211-8ಐ ಪಿಸಿಐಇ 2.0ರ ಎಂಟು ಲೇನ್ ಬಳಸುತ್ತದೆ. ಎಂಟು ಲೇನ್‌ನ ಸ್ಲಾಟ್ ಇದ್ದರೆ ಎಂಟು ಡಿಸ್ಕ್‌ಗೆ ಇಂದಿಗೂ ಸಾಕು. ನಾಲ್ಕು ಲೇನ್‌ನ ಸ್ಲಾಟ್‌ನಲ್ಲಾದರೆ ಕಾಗದದ ಮೇಲೆ 2000 ಎಂಬಿ, ಕೈಗೆ 1600ರಿಂದ 1700. ಡಿಸ್ಕ್‌ಗೆ 200ರ ಗಡಿಯಲ್ಲಿ ನಿಲ್ಲುತ್ತದೆ. ಸ್ಯಾಸ್2308 ಚಿಪ್‌ನ 9207-8ಐ ಪಿಸಿಐಇ 3.0, ನಾಲ್ಕು ಲೇನ್‌ನಲ್ಲೂ 3000 ಎಂಬಿ ದಾಟುತ್ತದೆ. ಮನೆಯ ಸರ್ವರ್‌ಗೆ ಬೆಲೆ, ಬಿಸಿ, ವೇಗ ಮೂರನ್ನೂ ತೂಗಿದರೆ ನಾನು ಕೈ ಚಾಚುವುದು ಇದಕ್ಕೇ. ಸ್ಯಾಸ್3008 ಚಿಪ್‌ನ 9300-8ಐ 12 ಗಿಗಾಬಿಟ್‌ನದು. ಸಾಟಾ ಡಿಸ್ಕ್‌ಗಳನ್ನು ನೇರವಾಗಿ ಜೋಡಿಸಿದರೆ ಆ 12ರಿಂದ ಲಾಭವಿಲ್ಲ, ಆದರೆ ಹೊಸದಾದ್ದರಿಂದ ಇನ್ನಷ್ಟು ವರ್ಷ ಬೆಂಬಲ ಸಿಗುವ ಸಾಧ್ಯತೆ ಹೆಚ್ಚು. ಹದಿನಾರು ಪೋರ್ಟ್‌ನ 9300-16ಐ ಒಂದೇ ಹಲಗೆಯ ಮೇಲೆ ಎರಡು ಸ್ಯಾಸ್3008 ಚಿಪ್ ಹೊತ್ತಿದೆ, ಬಿಸಿಯೂ ಹಾಗೆಯೇ. ಮನೆಯ ಕೇಸ್‌ಗೆ ನಾನು ಹೇಳುವುದಿಲ್ಲ.

ಹೆಸರಿನ ಕೊನೆಯ ‘ಐ’ ಅಂದರೆ ಕನೆಕ್ಟರ್ ಪೆಟ್ಟಿಗೆಯ ಒಳಗೆ, ‘ಇ’ ಅಂದರೆ ಹೊರಗೆ. ಅದರ ಹಿಂದಿನ ಅಂಕಿ ಎಷ್ಟು ಡಿಸ್ಕ್ ಎಂಬುದು.

ಕೊಳ್ಳುವ ಮುನ್ನ ಮಾರುವವರನ್ನು ಕೇಳಲೇಬೇಕಾದ ಪ್ರಶ್ನೆ: ಇದರಲ್ಲಿ ಐಟಿ ಮೋಡ್ ಫರ್ಮ್‌ವೇರ್ (ಕಾರ್ಡ್‌ನೊಳಗಿನ ಸಾಫ್ಟ್‌ವೇರ್) ಇದೆಯೇ? ಐಆರ್ ಮೋಡ್ ಅಂದರೆ ಕಾರ್ಡ್ ತಾನೇ ರೇಡ್ ಮಾಡಲು ಹೊರಡುತ್ತದೆ. ಐಟಿ ಮೋಡ್‌ನಲ್ಲಿ ಅದು ಡಿಸ್ಕ್‌ಗಳನ್ನು ಇದ್ದ ಹಾಗೆ ಸಿಸ್ಟಂಗೆ ಒಪ್ಪಿಸಿ ಸುಮ್ಮನಿರುತ್ತದೆ; ನಮಗೆ ಬೇಕಾದ್ದು ಅದು. ಇಲ್ಲದಿದ್ದರೆ ನೀವೇ ಬದಲಾಯಿಸಬಹುದು. ಸ್ಯಾಸ್2 ಕಾರ್ಡ್‌ಗೆ (9211, 9207) ಸ್ಯಾಸ್2ಫ್ಲ್ಯಾಶ್, ಸ್ಯಾಸ್3ಕ್ಕೆ (9300) ಸ್ಯಾಸ್3ಫ್ಲ್ಯಾಶ್ ಎಂಬ ಟೂಲ್‌ಗಳಿವೆ. ಸ್ಯಾಸ್2 ಕಾರ್ಡ್‌ಗಳಿಗೆ 20.00.07.00 ಆವೃತ್ತಿ ಹಾಕಿ. 20ರ ಮೊದಮೊದಲ ಬಿಡುಗಡೆಗಳಲ್ಲಿ ತೊಂದರೆಗಳಿದ್ದವು. ಹಳೆಯದನ್ನು ಅಳಿಸುವ ಮೊದಲು ಕಾರ್ಡ್‌ನ ಹಿಂಬದಿ ಅಂಟಿಸಿರುವ ಚೀಟಿಯಲ್ಲಿನ ಸ್ಯಾಸ್ ವಿಳಾಸವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ಅದನ್ನು ಮತ್ತೆ ತುಂಬಬೇಕಾಗುತ್ತದೆ. ಈ ಕಾರ್ಡ್‌ಗೆ ಜೋಡಿಸಿದ ಡಿಸ್ಕ್‌ನಿಂದ ಬೂಟ್ ಮಾಡುವ ಉದ್ದೇಶ ಇಲ್ಲದಿದ್ದರೆ ಬೂಟ್ ರೋಮ್ (ROM, ಬೂಟ್ ಮಾಡಿಸುವ ಪುಟ್ಟ ಪ್ರೋಗ್ರಾಂ) ಹಾಕಲೇಬೇಡಿ. ಪ್ರತಿ ಸಲ ಸರ್ವರ್ ಶುರುವಾಗುವಾಗ ಕಾಯುವ ಹೊತ್ತು ಕಡಿಮೆಯಾಗುತ್ತದೆ.

ಎಚ್200, ಎಚ್310ರಂಥ ಕಾರ್ಡ್ ಹಾಕಿದಾಗ ಕೆಲವು ಸಾಮಾನ್ಯ ಮದರ್‌ಬೋರ್ಡ್‌ಗಳು ಪರದೆಯನ್ನೇ ತೋರಿಸದೆ ನಿಂತುಬಿಡುತ್ತವೆ. ಕಾರ್ಡ್ ಸತ್ತಿದೆ ಎಂದು ಎಸೆಯಬೇಡಿ. ಕಾರ್ಡ್‌ನ ಚಿನ್ನದ ಬೆರಳುಗಳಲ್ಲಿ ಬಿ5 ಮತ್ತು ಬಿ6 ಎಂಬ ಎರಡು ಪಿನ್‌ಗಳು ಎಸ್‌ಎಂಬಸ್ ಎಂಬ ನಿರ್ವಹಣಾ ತಂತಿಗೆ ಸೇರಿದವು, ಗುದ್ದಾಟ ನಡೆಯುವುದು ಅಲ್ಲಿ. ಕ್ಯಾಪ್ಟಾನ್ ಎಂಬ, ಕರೆಂಟ್ ಹರಿಯಗೊಡದ ಟೇಪಿನ ಸಣ್ಣ ತುಂಡೊಂದನ್ನು ಆ ಎರಡರ ಮೇಲೆ ಮಾತ್ರ ಅಂಟಿಸಿ ಹಾಕಿದರೆ ಕಾರ್ಡ್ ಎದ್ದು ಕೂರುತ್ತದೆ.

ಇನ್ನು ಬಿಸಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಈ ಕಾರ್ಡ್‌ಗಳು ಹುಟ್ಟಿದ್ದು ಫ್ಯಾನ್‌ಗಳು ಭೋರ್ಗರೆಯುವ ಸರ್ವರ್ ಪೆಟ್ಟಿಗೆಗಳಿಗೆ. ಅವುಗಳ ಮೇಲಿನ ಹೀಟ್‌ಸಿಂಕ್ ಸಣ್ಣದು, ಫ್ಯಾನ್ ಇಲ್ಲ. ಮನೆಯ ಸದ್ದಿಲ್ಲದ ಕೇಸ್‌ನಲ್ಲಿ ಅರ್ಧ ಗಂಟೆ ಓಡಿದ ಮೇಲೆ ಆ ಹೀಟ್‌ಸಿಂಕ್ ಮೇಲೆ ಬೆರಳಿಟ್ಟರೆ ಎರಡು ಸೆಕೆಂಡ್ ಇಡಲಾಗುವುದಿಲ್ಲ. ಚಿಪ್ ಕಾದಾಗ ಅದು ಒಮ್ಮೆಗೇ ಸಾಯುವುದಿಲ್ಲ. ಭಾರ ಹೆಚ್ಚಾದಾಗ ಮಾತ್ರ ಅಲ್ಲೊಂದು ಇಲ್ಲೊಂದು ಎರರ್ ಕೊಡುತ್ತದೆ, ಒಂದು ಡಿಸ್ಕ್ ಕಳಚಿ ಮತ್ತೆ ಸೇರುತ್ತದೆ, ನೀವು ಡಿಸ್ಕನ್ನು ಬೈಯುತ್ತೀರಿ. ಹೀಟ್‌ಸಿಂಕ್ ಮೇಲೆ 40 ಮಿಲಿಮೀಟರ್‌ನ ಒಂದು ಫ್ಯಾನ್ ಕೂರಿಸಿ, ಇಲ್ಲವೇ ಪಕ್ಕದಲ್ಲಿ ದೊಡ್ಡ ಫ್ಯಾನ್ ಒಂದನ್ನು ನಿಧಾನವಾಗಿ ಕಾರ್ಡ್‌ನ ಕಡೆಗೇ ಬೀಸುವಂತೆ ಕಟ್ಟಿ. ಹಳೆಯ ಕಾರ್ಡ್ ಆದರೆ ಹೀಟ್‌ಸಿಂಕ್ ಕಳಚಿ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ.

ನಕಲಿ ಕಾರ್ಡ್‌ಗಳೂ ಓಡಾಡುತ್ತವೆ. ಸರ್ವರ್‌ನಿಂದ ಬಿಚ್ಚಿದ, ಸ್ವಲ್ಪ ಧೂಳು ಹಿಡಿದ ಡೆಲ್ ಅಥವಾ ಐಬಿಎಂ ಕಾರ್ಡ್, ಫಳಫಳ ಹೊಳೆಯುವ ಅನುಮಾನದ ‘ಹೊಸ’ 9211ಕ್ಕಿಂತ ನಂಬಿಕೆಗೆ ಅರ್ಹ.

ಹದಿನಾರು, ಇಪ್ಪತ್ತನಾಲ್ಕು ಡಿಸ್ಕ್ ಬೇಕಾದರೆ

ಎರಡು ಎಚ್‌ಬಿಎ ಹಾಕಲು ಸ್ಲಾಟ್ ಇದ್ದರೆ ಅದೇ ಸರಳ. ಇಲ್ಲದಿದ್ದರೆ ಸ್ಯಾಸ್ ಎಕ್ಸ್‌ಪ್ಯಾಂಡರ್, ಅಂದರೆ ಒಂದು ಎಚ್‌ಬಿಎಯ ದಾರಿಗಳನ್ನು ಹಲವು ಡಿಸ್ಕ್‌ಗೆ ಹಂಚುವ ಹಲಗೆ. ಇದು ಸಾಟಾ ಮಲ್ಟಿಪ್ಲೈಯರ್‌ನಂತೆಯೇ ಕಂಡರೂ ಗುಣದಲ್ಲಿ ಬೇರೆ. ಸ್ಯಾಸ್ ವ್ಯವಸ್ಥೆ ಮೊದಲಿನಿಂದಲೂ ಇದನ್ನು ಲೆಕ್ಕಕ್ಕೆ ಹಿಡಿದೇ ರೂಪುಗೊಂಡಿರುವುದರಿಂದ ಒಂದು ಡಿಸ್ಕ್‌ನ ತೊಂದರೆ ಪಕ್ಕದವಕ್ಕೆ ಹಬ್ಬುವುದು ಕಡಿಮೆ.

ಇಂಟೆಲ್‌ನ ಆರ್‌ಇಎಸ್2ಎಸ್‌ವಿ240 ತೆಗೆದುಕೊಳ್ಳಿ. ಇಪ್ಪತ್ತನಾಲ್ಕು ಪೋರ್ಟ್, ತಲಾ ನಾಲ್ಕರಂತೆ ಆರು ಕನೆಕ್ಟರ್. ಆದರೆ ಎಚ್‌ಬಿಎ ಕಡೆಗೆ ಹೋಗುವ ಕೇಬಲ್ ಕೂಡ ಈ ಆರರಲ್ಲೇ ಒಂದನ್ನು ತಿನ್ನುತ್ತದೆ. ಒಂದು ಕೇಬಲ್ ಹಾಕಿದರೆ 20 ಡಿಸ್ಕ್‌ಗೆ ಜಾಗ, 6 ಗಿಗಾಬಿಟ್‌ನ ನಾಲ್ಕು ದಾರಿಗಳಲ್ಲಿ 2400 ಎಂಬಿ, ಡಿಸ್ಕ್‌ಗೆ 120. ಎರಡು ಕೇಬಲ್ ಹಾಕಿದರೆ 16 ಡಿಸ್ಕ್, 4800 ಎಂಬಿ, ಡಿಸ್ಕ್‌ಗೆ 300. ನಾನಾದರೆ ಎರಡೇ ಹಾಕುತ್ತೇನೆ. ಅದಕ್ಕೆ ಹಿಂದಿರುವ ಎಚ್‌ಬಿಎ ಪಿಸಿಐಇ 3.0ರ ಎಂಟು ಲೇನ್‌ನಲ್ಲಿ ಕೂತಿದ್ದರೆ ಮಾತ್ರ ಆ 4800 ಪೂರ್ತಿ ದಾಟುತ್ತದೆ ಎಂಬುದೂ ನೆನಪಿರಲಿ. ಎಕ್ಸ್‌ಪ್ಯಾಂಡರ್‌ಗೆ ಪಿಸಿಐಇ ಸ್ಲಾಟ್ ಬೇಕಾಗುವುದು ಬರೀ ಕರೆಂಟ್‌ಗೆ. ಈ ಹಲಗೆಗೆ ಪವರ್ ಸಪ್ಲೈನ ನಾಲ್ಕು ಪಿನ್‌ನ ಮೊಲೆಕ್ಸ್ ಕೇಬಲ್‌ನಿಂದಲೂ ಕರೆಂಟ್ ಕೊಡಬಹುದಾದ್ದರಿಂದ ಕೇಸ್‌ನ ಮೂಲೆಯಲ್ಲಿ ಎಲ್ಲಾದರೂ ಕೂರಿಸಬಹುದು.

ಕೇಬಲ್‌ಗಳು

9211, 9207ರಲ್ಲಿರುವುದು ಎಸ್‌ಎಫ್‌ಎಫ್-8087 ಕನೆಕ್ಟರ್, 9300ರಲ್ಲಿ ಎಸ್‌ಎಫ್‌ಎಫ್-8643. ಒಂದಕ್ಕೊಂದು ಕೂರುವುದಿಲ್ಲ. ಒಂದು ತುದಿ ಇದು, ಇನ್ನೊಂದು ತುದಿ ನಾಲ್ಕು ಸಾಟಾ ಆಗಿ ಬಿಚ್ಚಿಕೊಳ್ಳುವ ಕೇಬಲ್ ನಮಗೆ ಬೇಕು. ಇದರಲ್ಲೊಂದು ದೊಡ್ಡ ಬಲೆಯಿದೆ. ಫಾರ್ವರ್ಡ್ ಬ್ರೇಕ್‌ಔಟ್ ಮತ್ತು ರಿವರ್ಸ್ ಬ್ರೇಕ್‌ಔಟ್ ಎಂದು ಎರಡು ಬಗೆ, ಕಣ್ಣಿಗೆ ಎರಡೂ ಒಂದೇ. ಕಾರ್ಡ್‌ನಿಂದ ಡಿಸ್ಕ್‌ಗೆ ಹೋಗುವುದು ಫಾರ್ವರ್ಡ್. ಮದರ್‌ಬೋರ್ಡ್‌ನ ನಾಲ್ಕು ಸಾಟಾ ಪೋರ್ಟ್‌ನಿಂದ ಬ್ಯಾಕ್‌ಪ್ಲೇನ್‌ಗೆ (ಡಿಸ್ಕ್‌ಗಳು ನೇರವಾಗಿ ಕೂರುವ ಕೇಸ್‌ನ ಹಲಗೆ) ಹೋಗುವುದು ರಿವರ್ಸ್. ತಪ್ಪಾದದ್ದನ್ನು ಹಾಕಿದರೆ ಏನೂ ಸುಡುವುದಿಲ್ಲ, ಡಿಸ್ಕ್‌ಗಳು ಕಾಣಿಸುವುದೂ ಇಲ್ಲ.

ಸಾಟಾ ಡಿಸ್ಕ್‌ವರೆಗಿನ ಕೇಬಲ್ ಒಂದು ಮೀಟರ್ ದಾಟಬಾರದು. ಅರ್ಧ ಮೀಟರ್‌ನದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಲೋಹದ ಕ್ಲಿಪ್ ಇರುವ ಕನೆಕ್ಟರ್ ಆಗಿರಲಿ.

ಪವರ್: ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದ ಜಾಗ

ಕಾರ್ಡ್ ತಪ್ಪಾದರೆ ವೇಗ ಕಡಿಮೆಯಾಗುತ್ತದೆ. ಪವರ್ ತಪ್ಪಾದರೆ ಬೆಂಕಿಯೇ ಹತ್ತಬಹುದು.

ನಿಂತ ಡಿಸ್ಕ್ ತಿರುಗಲು ಶುರುವಾಗುವ ಮೊದಲ ಕೆಲವು ಸೆಕೆಂಡ್‌ಗಳಲ್ಲಿ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಹನ್ನೆರಡು ಡಿಸ್ಕ್ ಒಟ್ಟಿಗೆ ಎದ್ದರೆ 24 ಆಂಪಿಯರ್, ಅಂದರೆ 288 ವ್ಯಾಟ್. ಮುಂದೆ ಅವೆಲ್ಲ ಸೇರಿ ನೂರು ವ್ಯಾಟ್ ಆಸುಪಾಸಿಗೆ ಇಳಿಯುತ್ತವೆ, ಆದರೆ ಪವರ್ ಸಪ್ಲೈ ಆರಿಸಬೇಕಾದ್ದು ಆ ಮೊದಲ ಕ್ಷಣಕ್ಕೆ. ಪ್ರೊಸೆಸರ್ ಮತ್ತಿತರ ಭಾಗಗಳಿಗೆ ನೂರೈವತ್ತು ಸೇರಿಸಿ, ಮೇಲೆ ಸ್ವಲ್ಪ ಉಸಿರಾಡಲು ಬಿಟ್ಟರೆ ಹನ್ನೆರಡು ಡಿಸ್ಕ್‌ನ ಪೆಟ್ಟಿಗೆಗೆ 550ರಿಂದ 650 ವ್ಯಾಟ್‌ನ ಒಳ್ಳೆಯ ಪವರ್ ಸಪ್ಲೈ ಸರಿ. ಎಚ್‌ಬಿಎಗಳಲ್ಲಿ ಡಿಸ್ಕ್‌ಗಳನ್ನು ಒಂದಾದ ಮೇಲೊಂದರಂತೆ ಎಬ್ಬಿಸುವ ಸೌಲಭ್ಯವಿದೆ. ಆದರೆ ಡಿಸ್ಕ್ ಮತ್ತು ಬ್ಯಾಕ್‌ಪ್ಲೇನ್ ಎರಡೂ ಒಪ್ಪಿದರೆ ಮಾತ್ರ ಅದು ನಡೆಯುವುದು, ಅದನ್ನೇ ನೆಚ್ಚಿ ಚಿಕ್ಕ ಪವರ್ ಸಪ್ಲೈ ಕೊಳ್ಳಬೇಡಿ.

ಈಗ ಸ್ಪ್ಲಿಟರ್ ವಿಷಯ. ಸಾಟಾ ಪವರ್ ಕನೆಕ್ಟರ್‌ನ ಒಂದೊಂದು ಪಿನ್ 1.5 ಆಂಪಿಯರ್‌ಗೆ ಮಾಡಿದ್ದು, 12 ವೋಲ್ಟ್‌ಗೆ ಮೂರು ಪಿನ್, ಒಟ್ಟು 4.5 ಆಂಪಿಯರ್. ಎರಡು ಡಿಸ್ಕ್ ಎದ್ದರೆ 4. ಮೂರು ಎದ್ದರೆ 6. ಆದ್ದರಿಂದ ಒಂದು ಸಾಟಾ ಪವರ್ ಕನೆಕ್ಟರನ್ನು ಎರಡಕ್ಕಿಂತ ಹೆಚ್ಚಾಗಿ ಒಡೆಯಲೇಬೇಡಿ. ಹೆಚ್ಚು ಬೇಕಾದರೆ ದಪ್ಪ ಪಿನ್‌ಗಳ ಮೊಲೆಕ್ಸ್‌ನಿಂದ ಕವಲು ತೆಗೆಯಿರಿ. ಅಲ್ಲೂ ಕನೆಕ್ಟರ್ ಯಾವ ಬಗೆಯದೆಂದು ನೋಡಿ. ತಂತಿಗಳನ್ನು ಕರಗಿದ ಪ್ಲಾಸ್ಟಿಕ್‌ನಲ್ಲಿ ಮುಳುಗಿಸಿ ಎರಕ ಹೊಯ್ದ ಕನೆಕ್ಟರ್‌ನಲ್ಲಿ ಒಳಗೆ ತಂತಿಗಳು ಸರಿದು ಒಂದಕ್ಕೊಂದು ತಾಗಿ ಹೊತ್ತಿಕೊಂಡ ಪ್ರಕರಣಗಳಿವೆ. ಹಿಂಬದಿಯಿಂದ ನೋಡಿದಾಗ ಪ್ರತಿ ತಂತಿಯೂ ಬೇರೆಬೇರೆಯಾಗಿ ತನ್ನ ಲೋಹದ ಹಿಡಿಕೆಗೆ ಕಚ್ಚಿಕೊಂಡಿರುವುದು ಕಾಣಬೇಕು, ಅಂಥದ್ದೇ ಬೇಕು.

ಕೇಬಲ್‌ಗಳನ್ನು ಕಳಚಬಹುದಾದ ಮಾಡ್ಯುಲರ್ ಪವರ್ ಸಪ್ಲೈ ಬದಲಾಯಿಸಿದಾಗ ಹಳೆಯ ಕೇಬಲ್‌ಗಳನ್ನು ಹಾಗೇ ಬಿಟ್ಟು ಹೊಸ ಪೆಟ್ಟಿಗೆಗೆ ಚುಚ್ಚುವವರಿದ್ದಾರೆ. ದಯವಿಟ್ಟು ಬೇಡ. ಪವರ್ ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್‌ಗೆ ಯಾವ ವೋಲ್ಟ್ ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಕನೆಕ್ಟರ್ ಸಲೀಸಾಗಿ ಕೂರುತ್ತದೆ, 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗುತ್ತದೆ, ಆ ಸಾಲಿನ ಅಷ್ಟೂ ಡಿಸ್ಕ್ ಒಂದೇ ಏಟಿಗೆ ಸಾಯುತ್ತವೆ. ಯಾವ ರೇಡ್ ಕೂಡ ಇದರಿಂದ ಕಾಪಾಡದು.

ಹೊರಗಿನ ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿ ತೆಗೆದ ಡಿಸ್ಕ್ ತಿರುಗುವುದೇ ಇಲ್ಲ ಎಂದಾದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಹೊಸ ಸಾಟಾ ನಿಯಮದಲ್ಲಿ ಪವರ್ ಕನೆಕ್ಟರ್‌ನ ಮೂರನೆಯ ಪಿನ್‌ಗೆ ವೋಲ್ಟೇಜ್ ಬಂದರೆ ಡಿಸ್ಕ್ ಆಫ್ ಆಗಬೇಕು. ಹಳೆಯ ಪವರ್ ಸಪ್ಲೈ ಅಲ್ಲಿ 3.3 ವೋಲ್ಟ್ ಕಳುಹಿಸುತ್ತಲೇ ಇರುತ್ತದೆ. ಆ ಪಿನ್‌ಗೆ ಟೇಪ್ ಅಂಟಿಸಿ ಅಥವಾ 3.3 ವೋಲ್ಟ್ ಇಲ್ಲದ ಮೊಲೆಕ್ಸ್‌ನಿಂದ ಕರೆಂಟ್ ಕೊಡಿ.

ಕೊನೆಯ ಹೆಜ್ಜೆ: ಡೇಟಾ ತುಂಬುವ ಮೊದಲು ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ (lspci) ಆದೇಶವನ್ನು ವಿವರವಾದ ಮಾಹಿತಿ ಕೊಡುವಂತೆ ಓಡಿಸಿ, ಕಾರ್ಡ್‌ನ ಲಿಂಕ್ ಸ್ಟೇಟಸ್ ಸಾಲು ಹುಡುಕಿ. ಎಷ್ಟು ಲೇನ್, ಯಾವ ವೇಗ ನಿಜಕ್ಕೂ ಸಿಕ್ಕಿದೆ ಎಂದು ಅಲ್ಲಿರುತ್ತದೆ. ಎಂಟರ ಬದಲು ನಾಲ್ಕು ಅಥವಾ ಒಂದು ಕಂಡರೆ ಕಾರ್ಡ್ ಸ್ಲಾಟ್‌ನಲ್ಲಿ ಸರಿಯಾಗಿ ಕೂತಿಲ್ಲ, ಇಲ್ಲವೇ ಸ್ಲಾಟೇ ಅಷ್ಟು.

ಆಮೇಲೆ ಅಸಲಿ ಪರೀಕ್ಷೆ. ಒಂದೇ ಡಿಸ್ಕನ್ನು ಡಿಡಿ (dd) ಆದೇಶದಿಂದ ಓದಿಸಿ ವೇಗ ಬರೆದುಕೊಳ್ಳಿ. ಓದಿದ್ದು ಎಲ್ಲೂ ಉಳಿಯದೆ /dev/null ಕಡೆಗೆ ಹೋಗುವಂತೆ ಇರಲಿ, ಡಿಸ್ಕ್ ಯಾವತ್ತೂ ಆದೇಶದ ಇನ್‌ಪುಟ್ ಕಡೆಗೇ ಇರಲಿ. ನಂತರ ಎಲ್ಲ ಡಿಸ್ಕ್‌ಗಳಿಗೂ ಅದೇ ಆದೇಶವನ್ನು ಒಟ್ಟಿಗೆ ಕೊಡಿ. ಒಂಟಿಯಾಗಿ 250 ಓದಿದ ಡಿಸ್ಕ್ ಗುಂಪಿನಲ್ಲೂ 250 ಓದಿದರೆ ನಿಮ್ಮ ಲೆಕ್ಕ ಸರಿ. ಎಲ್ಲವೂ ಸಮನಾಗಿ 120ಕ್ಕೆ ಇಳಿದರೆ ತೂಬು ಕಿರಿದಾಗಿದೆ. ಒಂದು ಮಾತ್ರ ಇಳಿದರೆ ಆ ಕೇಬಲ್ ಅಥವಾ ಆ ಡಿಸ್ಕ್ ನೋಡಿ. ಇದನ್ನು ಕೆಲವು ಗಂಟೆ ಓಡಲು ಬಿಟ್ಟು, ಡಿಸ್ಕ್‌ಗಳ ಬಿಸಿ ನೋಡುತ್ತಿರಿ. 45 ಡಿಗ್ರಿ ದಾಟಿದರೆ ಗಾಳಿ ಸಾಲದು.

ಓಟ ಮುಗಿದ ಮೇಲೆ ಪ್ರತಿ ಡಿಸ್ಕ್‌ನ ಸ್ಮಾರ್ಟ್ ಪಟ್ಟಿ ತೆಗೆದು 199ನೆಯ ಸಾಲು, ಯುಡಿಎಂಎ ಸಿಆರ್‌ಸಿ ಎರರ್ ಎಣಿಕೆ ನೋಡಿ. ಅದು ಡಿಸ್ಕ್ ಮತ್ತು ಕಾರ್ಡ್ ನಡುವಿನ ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕ. ಈ ಅಂಕಿ ಯಾವತ್ತೂ ಇಳಿಯುವುದಿಲ್ಲ, ಹಾಗಾಗಿ ಹಳೆಯ ಡಿಸ್ಕ್‌ನಲ್ಲಿ ಮೊದಲೇ ಏನಾದರೂ ಇದ್ದರೆ ಚಿಂತೆಯಿಲ್ಲ. ಓಟದ ಮುಂಚಿನದಕ್ಕೂ ಆಮೇಲಿನದಕ್ಕೂ ವ್ಯತ್ಯಾಸ ಬಂದರೆ ಕೇಬಲ್ ಕಿತ್ತು ಮತ್ತೆ ಕೂರಿಸಿ, ಆಗಲೂ ಏರಿದರೆ ಕೇಬಲ್ ಬದಲಾಯಿಸಿ. ಒಂದೇ ಬ್ರೇಕ್‌ಔಟ್ ಕೇಬಲ್‌ನ ನಾಲ್ಕೂ ಡಿಸ್ಕ್‌ಗಳಲ್ಲಿ ಏರಿದ್ದರೆ ಕಾರ್ಡ್ ಕಡೆಯ ಕನೆಕ್ಟರ್ ಒತ್ತಿ ನೋಡಿ, ‘ಟಕ್’ ಎಂದು ಕೂರಬೇಕು.

ಇದೆಲ್ಲ ಸರಿಯಾದ ಮೇಲೆ, ಕೇಸ್ ಮುಚ್ಚುವ ಮೊದಲು, ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್‌ನ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಎದುರಿಗೆ ಕಾಣುವ ಅಂಚಿಗೆ ಅಂಟಿಸಿ. ಅದೇ ನಂಬರ್ ಕೇಬಲ್‌ನ ಎರಡೂ ತುದಿಗೆ. ಕೆಟ್ಟ ಡಿಸ್ಕ್ ಯಾವುದೆಂದು ಸಾಫ್ಟ್‌ವೇರ್ ಹೇಳುವುದು ಸೀರಿಯಲ್ ನಂಬರ್‌ನಲ್ಲೇ. ಹನ್ನೆರಡು ಒಂದೇ ಥರದ ಡಿಸ್ಕ್‌ಗಳ ನಡುವೆ ಆ ಚೀಟಿ ಇಲ್ಲದೆ ಕೈ ಹಾಕಿ ಚೆನ್ನಾಗಿರುವುದನ್ನು ಕಿತ್ತರೆ, ಎರಡು ಡಿಸ್ಕ್ ಕಳೆದುಕೊಂಡಂತಾಗುತ್ತದೆ. ಒಂದು ಹೆಚ್ಚುವರಿ ಬ್ರೇಕ್‌ಔಟ್ ಕೇಬಲ್ ಕೂಡ ಕೇಸ್‌ನ ಒಳಗೇ ಕಟ್ಟಿಟ್ಟು ಮುಚ್ಚಿ.